ಬಂಡಿದಾರಿಗೆ ನಕ್ಷೆಯಲ್ಲಿ ಗೆರೆಯಿದೆ, ಆನೆದಾರಿಗೆ ಇಲ್ಲ

ಬನ್ನೇರುಘಟ್ಟ ಕಾಡಿನ ಸುತ್ತಲಿನ ಜಮೀನುಗಳಿಗೆ ಭೂಪರಿವರ್ತನೆ ಆದೇಶ ಕೊಡುವ, ಬಡಾವಣೆ ಮತ್ತು ಅಪಾರ್ಟ್‌ಮೆಂಟ್ ನಕ್ಷೆಗಳಿಗೆ ಮಂಜೂರಾತಿ ನೀಡುವ ಎಲ್ಲ ಅಧಿಕಾರಿಗಳಿಗೆ, ಆ ಇಲಾಖೆಗಳ ಹೊಣೆ ಹೊತ್ತ ಸಚಿವರಿಗೆ,

ಮಾನ್ಯರೆ,

ನಾನು ಆನೇಕಲ್ ತಾಲ್ಲೂಕಿನವನು. ಕಾಡಂಚಿನ ಹಳ್ಳಿಯೊಂದರಲ್ಲಿ ಮೂರು ಎಕರೆ ಹತ್ತು ಗುಂಟೆ ಖುಷ್ಕಿ ಜಮೀನು ನನ್ನದು. ರಾಗಿ ಬಿತ್ತುತ್ತೇನೆ, ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು ಹಾಕುತ್ತೇನೆ. ಈ ಪತ್ರ ಬರೆಯಬೇಕೆಂದು ಅನ್ನಿಸಿದ್ದು ಕಳೆದ ಸುಗ್ಗಿಯ ಒಂದು ರಾತ್ರಿ. ಕಾಗದಪತ್ರ ಓದದೆ ದೂರು ಹೇಳಬಾರದು ಎಂದು ಓದುತ್ತಾ ಕುಳಿತೆ. ಹಾಗಾಗಿ ಇಷ್ಟು ತಡವಾಯಿತು.

ಆ ರಾತ್ರಿ ಅಟ್ಟಣೆಯ ಮೇಲೆ ನಾನು ಮತ್ತು ನನ್ನ ತಮ್ಮನ ಮಗ ಇದ್ದೆವು. ಕೊಯ್ಲಿಗೆ ಇನ್ನು ನಾಲ್ಕೈದು ದಿನ ಇತ್ತು. ಒಂದೂವರೆಯ ಹೊತ್ತಿಗೆ ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು. ನರಿ, ಹಂದಿ ಬಂದರೆ ನಮ್ಮ ನಾಯಿಗಳು ಊರೆಲ್ಲ ಎಬ್ಬಿಸುತ್ತವೆ. ಆನೆ ಬಂದರೆ ಮಾತ್ರ ಉಸಿರೆತ್ತದೆ ಅಟ್ಟಣೆಯ ಕಂಬದ ಬುಡಕ್ಕೆ ಬಂದು ಮುದುರಿಕೊಳ್ಳುತ್ತವೆ. ಹಳ್ಳದ ಕಡೆಯಿಂದ ಐದು ದೊಡ್ಡವು, ನಡುವೆ ಒಂದು ಮರಿ. ಮುಂದೆ ಹಳೆಯ ಹೆಣ್ಣಾನೆ. ಅದರ ಎಡಗಿವಿಯ ಅಂಚು ಹರಿದಿದೆ. ನಾಲ್ಕು ವರ್ಷದಿಂದ ನಾನು ಅದನ್ನು ಆ ಕಿವಿಯಿಂದಲೇ ಗುರುತಿಸುತ್ತೇನೆ. ಪ್ರತಿ ವರ್ಷ ಈ ಗುಂಪು ಹಳ್ಳದ ಗುಂಟ ಇಳಿದು, ನಮ್ಮ ಹೊಲದ ಮೂಲೆಯನ್ನು ಒಂದಿಷ್ಟು ಸವರಿಕೊಂಡು, ಆಚೆ ಕೆರೆಗೆ ಹೋಗಿ ನೀರು ಕುಡಿದು, ಬೆಳಗಾಗುವುದರೊಳಗೆ ಕಾಡು ಸೇರುತ್ತಿತ್ತು. ಆ ಮೂಲೆಯ ನಾಲ್ಕು ಸಾಲು ಅವುಗಳ ಪಾಲು ಎಂದು ನಮ್ಮ ಅಪ್ಪ ಬಿಟ್ಟಿದ್ದರು, ನಾನೂ ಬಿಟ್ಟಿದ್ದೇನೆ.

ಈ ಸಲ ಹಳ್ಳದ ತಿರುವಿನಲ್ಲಿ ಗೋಡೆ ಎದ್ದಿತ್ತು. ಸಿಮೆಂಟ್ ಹಲಗೆಗಳನ್ನು ಕಂಬಕ್ಕೆ ಸಿಕ್ಕಿಸಿ ನಿಲ್ಲಿಸುತ್ತಾರಲ್ಲ, ಆ ಬಗೆಯ ಕಾಂಪೌಂಡ್. ಒಳಗೆ ಹೊಸ ಬಡಾವಣೆ, ಸಾಲು ದೀಪ, ಇನ್ನೂ ಒಂದು ಮನೆಯೂ ಇಲ್ಲ. ಹೆಣ್ಣಾನೆ ಗೋಡೆಯ ಮುಂದೆ ನಿಂತಿತು. ಸೊಂಡಿಲು ಚಾಚಿ ಹಲಗೆಯನ್ನು ಮೇಲಿನಿಂದ ಕೆಳಗೆ ಮುಟ್ಟಿ ನೋಡಿತು. ಆಮೇಲೆ ಸೊಂಡಿಲನ್ನು ಗೋಡೆಗೆ ತಾಗಿಸಿಕೊಂಡೇ ನಡೆಯಿತು, ಕತ್ತಲೆಯಲ್ಲಿ ಮನುಷ್ಯ ಗೋಡೆ ಹಿಡಿದು ಬಾಗಿಲು ಹುಡುಕುವ ಹಾಗೆ. ಮೂಲೆಯವರೆಗೆ ಹೋಗಿ ವಾಪಸ್ಸು ಬಂತು. ಉಳಿದವು ಕದಲದೆ ಕಾದವು, ಮರಿ ಒಂದು ಸಲ ಕೂಗಿತು. ಕೊನೆಗೆ ಎಲ್ಲವೂ ಒಟ್ಟಿಗೆ ನಮ್ಮ ಹೊಲಕ್ಕೆ ತಿರುಗಿದವು. ತಮಟೆ ಬಡಿದೆವು, ಟಾರ್ಚ್ ಬಿಟ್ಟೆವು. ಹೋಗಲು ಅವುಗಳಿಗೆ ಬೇರೆ ದಾರಿ ಇರಲಿಲ್ಲ.

ಬೆಳಿಗ್ಗೆ ನೋಡಿದರೆ ಒಂದು ಎಕರೆಗೂ ಹೆಚ್ಚು ರಾಗಿ ನೆಲಕ್ಕೆ ಮಲಗಿತ್ತು. ಅದರ ಲೆಕ್ಕ ಇಲ್ಲಿ ಹೇಳುವುದಿಲ್ಲ, ಬೆಳೆ ಪರಿಹಾರದ ಅರ್ಜಿಯಲ್ಲಿ ಬರೆದು ಕೊಟ್ಟಿದ್ದೇನೆ. ನನ್ನ ಕಣ್ಣಿಗೆ ಕಟ್ಟಿದ್ದು ಗೋಡೆ. ನನ್ನ ಎದೆಯ ಎತ್ತರದಲ್ಲಿ, ಬಿಳಿ ಸಿಮೆಂಟಿನ ಮೇಲೆ, ಹಳ್ಳದ ಕೆಸರಿನ ಒಂದು ಗೆರೆ ಈ ತುದಿಯಿಂದ ಆ ತುದಿಯವರೆಗೆ ಎಳೆದಿತ್ತು. ಮಳೆ ಬರುವವರೆಗೂ ಅದು ಅಲ್ಲೇ ಇತ್ತು.

ಮರುವಾರ ಆ ಬಡಾವಣೆಯ ಕಾಗದಗಳನ್ನು ನೋಡಲು ಕಚೇರಿಗೆ ಹೋದೆ. ಏನೋ ಅಕ್ರಮ ನಡೆದಿರಬೇಕು, ಹಿಡಿದು ಕೇಳಬೇಕು ಎಂಬ ಸಿಟ್ಟಿನಲ್ಲೇ ಹೋಗಿದ್ದೆ. ಕಡತದಲ್ಲಿ ಎಲ್ಲವೂ ಸರಿಯಾಗಿತ್ತು. ಪಹಣಿ ಸರಿ, ಭೂಪರಿವರ್ತನೆ ಆಗಿದೆ, ನಕ್ಷೆಗೆ ಮಂಜೂರಾತಿ ಇದೆ, ಹಳ್ಳಕ್ಕೆ ಸೇರಿದ, ಸಾಗುವಳಿಗೆ ಬಾರದ ಖರಾಬು ಜಾಗ ಬಿಟ್ಟಿದ್ದಾರೆ. ಕಾಡಿನ ಸುತ್ತ ನಿರ್ಮಾಣಕ್ಕೆ ಕಡಿವಾಣ ಹಾಕುವ ಪರಿಸರ ಸೂಕ್ಷ್ಮ ವಲಯದ ಗೆರೆಯಿಂದ ಆ ಸರ್ವೆ ನಂಬರ್ ಹೊರಗಿದೆ. ನಕ್ಷೆಯ ನಡುವೆ ಒಂದು ಬಂಡಿದಾರಿ ಹಾದುಹೋಗಿತ್ತು. ಅದನ್ನೂ ಮುಟ್ಟದೆ ರಸ್ತೆಯಾಗಿ ಉಳಿಸಿಕೊಂಡಿದ್ದಾರೆ. ಕಾನೂನಿನ ಪ್ರಕಾರ ಯಾರದೂ ತಪ್ಪಿಲ್ಲ. ಅಂದು ಬಸ್ಸಿನಲ್ಲಿ ಮನೆಗೆ ಬರುವಾಗ ಆದಷ್ಟು ಸಂಕಟ ರಾಗಿ ಬಿದ್ದ ದಿನವೂ ನನಗೆ ಆಗಿರಲಿಲ್ಲ.

ಆ ಬಂಡಿದಾರಿಯ ಬಗ್ಗೆಯೇ ನಾನು ನಿಮ್ಮ ಜೊತೆ ಮಾತನಾಡಬೇಕಿರುವುದು. ಅದರಲ್ಲಿ ಬಂಡಿ ಓಡಾಡಿ ಇಪ್ಪತ್ತು ವರ್ಷವಾಗಿದೆ. ಊರಿನಲ್ಲಿ ಎತ್ತುಗಳೇ ಉಳಿದಿಲ್ಲ. ಆದರೂ ಗ್ರಾಮ ನಕ್ಷೆಯಲ್ಲಿ ಅದಕ್ಕೆ ಚುಕ್ಕೆಗೆರೆ ಇದೆ. ಯಾರಾದರೂ ಅಡ್ಡ ಬೇಲಿ ಹಾಕಿದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ತೆಗೆಸಬಹುದು. ನಮ್ಮ ಮುತ್ತಜ್ಜನ ಕಾಲದಲ್ಲಿ ಸರ್ವೆಗೆ ಬಂದವರು ಸರಪಳಿ ಹಿಡಿದು, ಜನ ಎಲ್ಲಿ ನಡೆಯುತ್ತಾರೆ, ಗಾಡಿ ಎಲ್ಲಿ ಹೋಗುತ್ತದೆ ಎಂದು ಕೇಳಿ ಬರೆದುಕೊಂಡರು. ಆನೆ ಎಲ್ಲಿ ನಡೆಯುತ್ತದೆ ಎಂದು ಕೇಳಲಿಲ್ಲ. ಆಗ ಕೇಳುವ ಅಗತ್ಯವೂ ಇರಲಿಲ್ಲ, ಕಾಡಿನ ಸುತ್ತ ಜಾಗ ಬೇಕಾದಷ್ಟಿತ್ತು. ಈಗಲೂ ಕೇಳದೆ ಇರುವುದಕ್ಕೆ ಕಾರಣವೇನು?

ಬನ್ನೇರುಘಟ್ಟ ಕಾಡಿನ ಆಕಾರ ನಿಮಗೆ ಗೊತ್ತು. ಈಗ 260.51 ಚದರ ಕಿಲೋಮೀಟರ್ ಇರುವ ಉದ್ಯಾನ ಅದು. ಬೆಂಗಳೂರಿನ ಅಂಚಿನಿಂದ ದಕ್ಷಿಣಕ್ಕೆ ಉದ್ದವಾಗಿ ಇಳಿದು, ತಮಿಳುನಾಡಿನ ತಳಿ ಕಾಡುಗಳಿಗೂ ಕಾವೇರಿ ವನ್ಯಧಾಮದ ಕಡೆಗೂ ಕೂಡಿಕೊಳ್ಳುತ್ತದೆ. ಉದ್ದ ಇದೆ, ಅಗಲ ಕಡಿಮೆ. ಕೆಲವು ಕಡೆ ಅದರ ಸೊಂಟ ಎಷ್ಟು ಸಣ್ಣದೆಂದರೆ ಈ ಬದಿಯ ಹಳ್ಳಿಯಲ್ಲಿ ಮೈಕ್ ಹಾಕಿದರೆ ಆ ಬದಿಯ ಹಳ್ಳಿಗೆ ಕೇಳುತ್ತದೆ. ರಾಗಿಹಳ್ಳಿ ಹತ್ತಿರದ ಕರಡಿಕಲ್–ಮಹದೇಶ್ವರ ಕಾರಿಡಾರ್, ಅಂದರೆ ಕಾಡಿನ ಒಂದು ಭಾಗದಿಂದ ಇನ್ನೊಂದಕ್ಕೆ ಆನೆ ದಾಟುವ ದಾರಿಯ ಹೆಸರು ನೀವೂ ಕೇಳಿರುತ್ತೀರಿ. ಇಂಥ ಕಾಡಿಗೆ ಸುತ್ತಲಿನ ಹೊಲಗಳೂ ಕೆರೆಗಳೂ ಹಳ್ಳಗಳೂ ಸೇರಿದರೇನೇ ಅದು ಆನೆಗೆ ಸಾಲುತ್ತದೆ. ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು ಎಂದು 2023ರ ಗಣತಿಯ ಲೆಕ್ಕ ಬಂದಾಗ ನಮಗೂ ಹೆಮ್ಮೆಯಾಯಿತು. ಹೆಮ್ಮೆ ಪಟ್ಟ ಮೇಲೆ ಅವು ನಡೆಯಲು ಜಾಗವನ್ನೂ ಕೊಡಬೇಕಲ್ಲವೆ.

ಕಾನೂನು ಕೊಡಲು ಹೊರಟಿತ್ತು. ರಾಷ್ಟ್ರೀಯ ಉದ್ಯಾನ, ವನ್ಯಧಾಮಗಳ ಸುತ್ತ 10 ಕಿಲೋಮೀಟರ್ ವರೆಗಿನ ಜಾಗವನ್ನು ಪರಿಸರ ಸಂರಕ್ಷಣಾ ಕಾಯ್ದೆಯಡಿ ಸೂಕ್ಷ್ಮ ಪ್ರದೇಶವೆಂದು ಘೋಷಿಸಬೇಕು ಎಂಬ ತೀರ್ಮಾನ ರಾಷ್ಟ್ರಮಟ್ಟದಲ್ಲಿ ಆದದ್ದು 2002ರಲ್ಲಿ. ಬನ್ನೇರುಘಟ್ಟಕ್ಕೆ ಕರಡು ಅಧಿಸೂಚನೆ ಬಂದದ್ದು 2016ರಲ್ಲಿ. ಅಷ್ಟು ಹೊತ್ತಿಗೆ ಹತ್ತು ಕಿಲೋಮೀಟರ್ ಹೋಗಿ, 100 ಮೀಟರಿನಿಂದ 4.5 ಕಿಲೋಮೀಟರ್ ವರೆಗೆ, ಒಟ್ಟು 268.96 ಚದರ ಕಿಲೋಮೀಟರ್ ಎಂದಾಗಿತ್ತು. 2020ರ ಮಾರ್ಚಿನಲ್ಲಿ ಅಂತಿಮ ಅಧಿಸೂಚನೆ ಹೊರಬಿದ್ದಾಗ ಉಳಿದದ್ದು 168.84 ಚದರ ಕಿಲೋಮೀಟರ್. ಗರಿಷ್ಠ ಅಗಲ ಒಂದೇ ಒಂದು ಕಿಲೋಮೀಟರ್. ನೂರು ಚದರ ಕಿಲೋಮೀಟರ್ ಕೈಬಿಟ್ಟು ಹೋಯಿತು. ನಮ್ಮ ಅಳತೆಯಲ್ಲಿ ಅದು ಸುಮಾರು 24,700 ಎಕರೆ. ಪ್ರತಿ ಸಂರಕ್ಷಿತ ಅರಣ್ಯದ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಸೂಕ್ಷ್ಮ ವಲಯ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಹೇಳಿತ್ತು, 2023ರ ಏಪ್ರಿಲ್‌ನಲ್ಲಿ ಅದನ್ನು ಸಡಿಲಿಸಿತು. ನಮ್ಮಲ್ಲಿ ನೂರು ಮೀಟರ್ ಇರುವ ಕಡೆ ಈಗಲೂ ನೂರು ಮೀಟರೇ.

ನಮ್ಮ ಹಳ್ಳದ ತಿರುವಿನ ಆ ಬಡಾವಣೆ ಕಾಡಿನ ಗಡಿಕಲ್ಲಿನಿಂದ ಒಂದು ಕಿಲೋಮೀಟರಿಗೆ ಸ್ವಲ್ಪ ಆಚೆ ಇದೆ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಕರಡು ಬಂದಾಗ ಸೂಕ್ಷ್ಮ ವಲಯ ಬೇಡ ಎಂದವರಲ್ಲಿ ನಮ್ಮ ಊರಿನವರೂ ಇದ್ದರು. ನಾನೂ ಇದ್ದೆ. ಮನೆ ಕಟ್ಟಲು ಬಿಡುವುದಿಲ್ಲ, ಕೊಳವೆಬಾವಿ ಕೊರೆಯಲು ಬಿಡುವುದಿಲ್ಲ, ಮಗಳ ಮದುವೆಗೆ ಅರ್ಧ ಎಕರೆ ಮಾರಲು ಬಿಡುವುದಿಲ್ಲ ಎಂದು ಅಶ್ವತ್ಥಕಟ್ಟೆಯ ಮೇಲೆ ಕುಳಿತು ಯಾರೋ ಹೇಳಿದರು, ನಾವು ನಂಬಿದೆವು. ಅಧಿಸೂಚನೆಯನ್ನು ಕನ್ನಡದಲ್ಲಿ ನಮಗೆ ಓದಿ ಹೇಳಿದವರು ಒಬ್ಬರೂ ಇರಲಿಲ್ಲ. ಈಗ ಓದಿದ್ದೇನೆ. ಸ್ಥಳೀಯರು ತಮ್ಮ ಜಮೀನಿನಲ್ಲಿ ತಮ್ಮ ವಾಸಕ್ಕೆ ಮನೆ ಕಟ್ಟಿಕೊಳ್ಳಬಹುದು ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. ಬೇಸಾಯ ನಡೆಸಬಹುದು. ತಡೆ ಇರುವುದು ಹೊಸ ವಾಣಿಜ್ಯ ಕಟ್ಟಡಕ್ಕೆ, ಗಣಿಗೆ, ಕಲ್ಲು ಕ್ವಾರಿಗೆ, ಕ್ರಷರ್‌ಗೆ, ಹೊಲವನ್ನು ಬಡಾವಣೆ ಮಾಡಿ ಮಾರುವುದಕ್ಕೆ. ಕೃಷಿಭೂಮಿಯನ್ನು ವಾಸಕ್ಕೆ ಪರಿವರ್ತಿಸುವುದಿದ್ದರೆ ಅದು ಊರಿನವರ ಅಗತ್ಯಕ್ಕೆ ಮಾತ್ರ, ಅದೂ ಮೇಲ್ವಿಚಾರಣಾ ಸಮಿತಿಯ ಶಿಫಾರಸಿನ ಮೇಲೆ. ನನ್ನ ಮನೆಯನ್ನು ಉಳಿಸುವ ಕಾನೂನಿನ ವಿರುದ್ಧ ನನ್ನ ಬಾಯಿಂದಲೇ ಕೂಗಿಸಲಾಯಿತು. ಇದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಹಾಗೆಂದು ಜಮೀನು ಮಾರಿದ ರೈತನನ್ನು ನಾನು ದೂರುವುದಿಲ್ಲ. ನನ್ನ ಸ್ವಂತ ತಮ್ಮ ಎರಡು ಎಕರೆ ಮಾರಿದ್ದಾನೆ. ವರ್ಷ ಬಿಟ್ಟು ವರ್ಷ ಬೆಳೆ ಹೋಗುತ್ತದೆ, ಕಾಡಂಚಿನ ಹಳ್ಳಿಗೆ ಹೆಣ್ಣು ಕೊಡುವವರಿಲ್ಲ, ಮಳೆ ನಂಬಿ ಕೂರಲಾಗುವುದಿಲ್ಲ. ಮನೆ ಕೊಳ್ಳುವವರನ್ನೂ ದೂರುವುದಿಲ್ಲ. ಇಪ್ಪತ್ತು ವರ್ಷ ಬಾಡಿಗೆ ಕಟ್ಟಿ, ಬ್ಯಾಂಕ್ ಸಾಲ ಮಾಡಿ, ಒಂದು ಮೂವತ್ತು-ನಲವತ್ತರ ಸೈಟು ಕೊಳ್ಳುವ ಕುಟುಂಬಕ್ಕೆ ಆ ಹಳ್ಳದಲ್ಲಿ ಏನು ನಡೆಯುತ್ತದೆಂದು ಹೇಗೆ ತಿಳಿಯಬೇಕು? ಅವರಿಗೆ ತೋರಿಸುವ ಬಣ್ಣದ ಹಾಳೆಯಲ್ಲಿ ಕಾಡು ಇರುತ್ತದೆ, ಚಂಪಕಧಾಮ ಬೆಟ್ಟ ಇರುತ್ತದೆ, ನವಿಲು ಇರುತ್ತದೆ. ಆನೆ ಇರುವುದಿಲ್ಲ. ನಾಳೆ ಅವರ ಮಗು ಬೆಳಗಿನ ಶಾಲಾ ಬಸ್ಸಿಗೆ ಕಾಯುವಾಗ ಎದುರಿಗೆ ಗುಂಪು ಬಂದು ನಿಂತರೆ ಆಗ ಎಲ್ಲರೂ ಆನೆ ದಾಳಿ ಎನ್ನುತ್ತಾರೆ, ಅರಣ್ಯ ಇಲಾಖೆಗೆ ಫೋನ್ ಮಾಡುತ್ತಾರೆ, ಆನೆಯನ್ನು ಹಿಡಿದು ಬೇರೆ ಕಡೆ ಬಿಡಿ ಎಂದು ಗಲಾಟೆ ಮಾಡುತ್ತಾರೆ. ನಕ್ಷೆಗೆ ಸಹಿ ಹಾಕಿದವರ ಹೆಸರು ಆಗ ಯಾರಿಗೂ ನೆನಪಿರುವುದಿಲ್ಲ.

ತೊಡಕು ಇರುವುದು ಅನುಮತಿ ಕೊಡುವ ರೀತಿಯಲ್ಲಿ. ಅನುಮತಿ ಒಂದೊಂದು ಸರ್ವೆ ನಂಬರಿಗೆ ಒಂದೊಂದಾಗಿ ಬರುತ್ತದೆ. ಆನೆ ನಡೆಯುವ ದಾರಿ ಹತ್ತು ಹನ್ನೆರಡು ಸರ್ವೆ ನಂಬರ್ ದಾಟಿ ಹೋಗುತ್ತದೆ. ಹನ್ನೆರಡರಲ್ಲಿ ಒಂದಕ್ಕೆ ಗೋಡೆ ಎದ್ದರೆ ಸಾಕು, ಉಳಿದ ಹನ್ನೊಂದು ಹೊಲವಾಗಿಯೇ ಇದ್ದರೂ ದಾರಿ ಸತ್ತಂತೆ. ಆದರೆ ಕಡತ ನೋಡುವ ಅಧಿಕಾರಿಯ ಮೇಜಿನ ಮೇಲೆ ಇರುವುದು ಆ ಒಂದೇ ನಂಬರು. ಕಂದಾಯ ಕಚೇರಿ ಪಹಣಿ ನೋಡುತ್ತದೆ, ಯೋಜನಾ ಪ್ರಾಧಿಕಾರ ರಸ್ತೆಯ ಅಗಲ, ಉದ್ಯಾನದ ಜಾಗ ನೋಡುತ್ತದೆ, ಅರಣ್ಯ ಇಲಾಖೆ ತನ್ನ ಗಡಿಕಲ್ಲು ನೋಡುತ್ತದೆ. ಇಡೀ ದಾರಿಯನ್ನು ನೋಡುವವರು ಯಾರೂ ಇಲ್ಲ. ಪರಿಸರ ಅನುಮತಿ ಇದೆಯಲ್ಲ ಎನ್ನಬಹುದು. ಪರಿಸರ ಪರಿಣಾಮ ಮೌಲ್ಯಮಾಪನದ 2006ರ ಅಧಿಸೂಚನೆಯ ಪ್ರಕಾರ ಕಟ್ಟಡಕ್ಕೆ ಅದು ಅನ್ವಯವಾಗುವುದು 20,000 ಚದರ ಮೀಟರ್ ನಿರ್ಮಾಣದಿಂದ ಮೇಲೆ; ಬಡಾವಣೆಯ ಜಾಗಕ್ಕೆ 50 ಹೆಕ್ಟೇರಿನಿಂದ ಮೇಲೆ. ಐವತ್ತು ಹೆಕ್ಟೇರ್ ಎಂದರೆ ಸುಮಾರು 123 ಎಕರೆ. ನಮ್ಮ ಕಡೆ ಬಡಾವಣೆಗಳು ಎಂಟು ಎಕರೆ, ಹದಿನೈದು ಎಕರೆ, ಮೂವತ್ತು ಎಕರೆಯಲ್ಲಿ ಒಂದರ ಪಕ್ಕ ಒಂದು ಬರುತ್ತವೆ. ಒಂದಕ್ಕೂ ಆ ಅನುಮತಿ ಬೇಕಾಗುವುದಿಲ್ಲ. ಎಲ್ಲ ಸೇರಿ ಒಂದು ಪಟ್ಟಣವಾಗುತ್ತದೆ.

ಇದಕ್ಕೆ ಮದ್ದು ಕಾನೂನಿನಲ್ಲೇ ಇದೆ. ಸೂಕ್ಷ್ಮ ವಲಯದ ಅಧಿಸೂಚನೆ ಹೊರಬಿದ್ದ ಎರಡು ವರ್ಷದೊಳಗೆ ರಾಜ್ಯ ಸರ್ಕಾರ ಸ್ಥಳೀಯರ ಜೊತೆ ಸಮಾಲೋಚಿಸಿ ವಲಯದ ಮಾಸ್ಟರ್ ಪ್ಲಾನ್ ಮಾಡಬೇಕು. 2020ರ ಮಾರ್ಚಿಗೆ ಎರಡು ಸೇರಿಸಿದರೆ 2022ರ ಮಾರ್ಚ್. ನಮ್ಮ ಊರಿಗೆ ಇವತ್ತಿನವರೆಗೆ ಯಾರೂ ಸಮಾಲೋಚನೆಗೆ ಬಂದಿಲ್ಲ. ಬಂದಿದ್ದರೆ ಹರಿದ ಕಿವಿಯ ಆನೆ ಯಾವ ಹುಣಸೆಮರದ ಪಕ್ಕ ಹಳ್ಳಕ್ಕೆ ಇಳಿಯುತ್ತದೆ, ಯಾವ ತಿಂಗಳು ಯಾವ ಕೆರೆಗೆ ಹೋಗುತ್ತದೆ ಎಂದು ತೋರಿಸಲು ನಮ್ಮಲ್ಲಿ ಹತ್ತು ಜನ ಸಿಗುತ್ತಿದ್ದರು.

ಮನೆಗಿಂತ, ರೆಸಾರ್ಟಿಗಿಂತ ಆನೆದಾರಿ ಮುಖ್ಯವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದು ತೀರ್ಮಾನವೂ ಆಗಿದೆ. ನಮ್ಮ ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯ ಪಕ್ಕ, ನೀಲಗಿರಿಯ ಸಿಗೂರು ಪ್ರದೇಶದಲ್ಲಿ ತಮಿಳುನಾಡು ಸರ್ಕಾರ 2010ರಲ್ಲಿ ಆನೆ ಕಾರಿಡಾರ್ ಗುರುತಿಸಿತು. ರೆಸಾರ್ಟ್ ಮಾಲೀಕರು ನ್ಯಾಯಾಲಯಕ್ಕೆ ಹೋದರು. 2020ರ ಅಕ್ಟೋಬರ್ 14ರಂದು ಸುಪ್ರೀಂ ಕೋರ್ಟ್ ಆ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಅಲ್ಲಿ ಕಟ್ಟಿದ ಮೇಲೆ ತೆರವು ಮಾಡಿಸಬೇಕಾಯಿತು. ನಮ್ಮಲ್ಲಿ ಇನ್ನೂ ಬಹಳ ಕಡೆ ಬರೀ ಗೋಡೆ ಎದ್ದಿದೆ, ಮನೆ ಎದ್ದಿಲ್ಲ. ಯಾರ ಮನೆಯನ್ನೂ ಒಡೆಯದೆ ದಾರಿ ಉಳಿಸಲು ಇರುವ ಸಮಯ ಇದೇ.

ಇನ್ನೊಂದು ತೀರ್ಪನ್ನು ನೀವು ಓದಲೇಬೇಕು. ಚಂಡೀಗಢದ ಹಳೆಯ ಮನೆಗಳನ್ನು ಅಪಾರ್ಟ್‌ಮೆಂಟ್ ಮಾಡುವ ಪ್ರಕರಣದಲ್ಲಿ 2023ರ ಜನವರಿ 10ರಂದು ಸುಪ್ರೀಂ ಕೋರ್ಟ್, ನಗರಾಭಿವೃದ್ಧಿಗೆ ಅನುಮತಿ ಕೊಡುವ ಮುನ್ನ ಪರಿಸರದ ಮೇಲಿನ ಪರಿಣಾಮ ಅಧ್ಯಯನ ಮಾಡುವಂತೆ ಅಗತ್ಯ ಏರ್ಪಾಡು ಮಾಡಿ ಎಂದು ಕೇಂದ್ರಕ್ಕೂ ರಾಜ್ಯಗಳಿಗೂ ಮನವಿ ಮಾಡಿತು. ಯೋಜನೆಯಿಲ್ಲದೆ ಬೆಳೆದರೆ ಏನಾಗುತ್ತದೆ ಎಂಬುದಕ್ಕೆ ನ್ಯಾಯಮೂರ್ತಿಗಳು ಆ ತೀರ್ಪಿನಲ್ಲಿ ಎತ್ತಿಕೊಂಡ ಉದಾಹರಣೆ ಬೆಂಗಳೂರು. ಚಂಡೀಗಢದವರಿಗೆ ಬುದ್ಧಿ ಹೇಳಲು ನಮ್ಮ ಊರನ್ನು ತೋರಿಸುವ ಸ್ಥಿತಿ ಬಂದಿದೆ. ಬನ್ನೇರುಘಟ್ಟದ ಅಂಚಿನಲ್ಲಾದರೂ ನಾವು ಬೇರೆ ಮಾದರಿ ತೋರಿಸಬಾರದೆ?

ನಾನು ಕೇಳುತ್ತಿರುವುದು ದೊಡ್ಡದೇನೂ ಅಲ್ಲ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿಗೆ ಎಳೆದ ಹಾಗೆ ಆನೆದಾರಿಗೂ ಒಂದು ಗೆರೆ ಎಳೆಯಿರಿ. ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ಭೂಮಾಪಕರು, ಅರಣ್ಯ ವೀಕ್ಷಕರು, ಊರಿನ ಹಿರಿಯರು ಒಟ್ಟಿಗೆ ನಡೆದರೆ ಸಾಕು. ಹೆಜ್ಜೆ, ಲದ್ದಿ, ಮೈ ಉಜ್ಜಿದ ಮರ ಎಲ್ಲ ನೆಲದ ಮೇಲೇ ಇವೆ. ಆ ಗೆರೆ ಸೂಕ್ಷ್ಮ ವಲಯದ ಒಳಗಿರಲಿ, ಹೊರಗಿರಲಿ, ಅದರ ಮೇಲೆ ಗೋಡೆ ಬರುವ ನಕ್ಷೆಗೆ ಮಂಜೂರಾತಿ ಕೊಡಬೇಡಿ. ಬಡಾವಣೆಯಲ್ಲಿ ಹೇಗೂ ಉದ್ಯಾನಕ್ಕೆಂದು ಜಾಗ ಬಿಡಿಸುತ್ತೀರಿ. ಅದು ಎಲ್ಲೋ ಮೂಲೆಯಲ್ಲಿ ಉಯ್ಯಾಲೆ ಹಾಕಿದ ತುಂಡು ಜಾಗವಾಗುತ್ತದೆ. ಅದನ್ನೇ ಹಳ್ಳದ ಬದಿಗೆ ಉದ್ದಕ್ಕೆ ಬಿಡಿಸಿ, ಪಕ್ಕದ ಬಡಾವಣೆಯ ಉದ್ಯಾನಕ್ಕೆ ಕೂಡುವಂತೆ ಮಾಡಿ, ಅಲ್ಲಿ ದೀಪ ಹಾಕಿಸಬೇಡಿ. ಆನೆ ಹಳ್ಳ ಹಿಡಿದೇ ನಡೆಯುವುದರಿಂದ ಇಷ್ಟರಿಂದಲೇ ಅರ್ಧ ದಾರಿ ಉಳಿಯುತ್ತದೆ. ದಾರಿಗೆ ಜಾಗ ಬಿಟ್ಟು ಹೊಲವನ್ನು ಹೊಲವಾಗಿಯೇ ಇಟ್ಟುಕೊಂಡ ರೈತನಿಗೆ ವರ್ಷಕ್ಕಿಷ್ಟು ಎಂದು ಕೊಡಿ. ಬೆಳೆ ಹಾಳಾದ ಮೇಲೆ ಅರ್ಜಿ, ಫೋಟೊ, ಪಂಚನಾಮೆ ಎಂದು ಅಲೆಸಿ ಕೊಡುವುದಕ್ಕಿಂತ ಇದು ಗೌರವದ ಹಣ. ಸೈಟು ಮಾರುವವರ ಜಾಹೀರಾತಿನಲ್ಲಿ ರೇರಾ ನೋಂದಣಿ ಸಂಖ್ಯೆ ಹಾಕಿಸುತ್ತೀರಲ್ಲ, ಅದರ ಕೆಳಗೇ ಕಾಡಿನ ಗಡಿ ಎಷ್ಟು ಮೀಟರ್, ಆನೆದಾರಿ ಎಷ್ಟು ಮೀಟರ್ ಎಂದೂ ಹಾಕಿಸಿ. ಕೊಳ್ಳುವವರು ತಿಳಿದು ಕೊಳ್ಳಲಿ.

ವಲಯದ ಮಾಸ್ಟರ್ ಪ್ಲಾನ್ ಯಾವ ಹಂತದಲ್ಲಿದೆ ಎಂಬುದನ್ನು ಕನ್ನಡದಲ್ಲಿ, ಸರ್ವೆ ನಂಬರ್ ಸಮೇತ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಅಂಟಿಸಿ. 2016ರ ಕರಡಿನ ಗಡಿಗೆ ಹಿಂದಿರುಗಬೇಕೆಂದು ಕೇಂದ್ರಕ್ಕೆ ಬರೆಯಿರಿ. ಈ ಸಲ ಗ್ರಾಮಸಭೆ ಕರೆದರೆ ಅಧಿಸೂಚನೆಯನ್ನು ನಾನೇ ಎದ್ದು ನಿಂತು ಓದಿ ಹೇಳುತ್ತೇನೆ. ಅಂದು ಬೇಡ ಎಂದವನೇ ಇಂದು ಬೇಕು ಎನ್ನುತ್ತಿರುವುದು ಏಕೆ ಎಂದು ಜನ ಕೇಳಿದರೆ ಆ ಗೋಡೆಯ ಮೇಲಿನ ಕೆಸರಿನ ಗೆರೆಯ ವಿಷಯ ಹೇಳುತ್ತೇನೆ.

ಕಡೆಯದಾಗಿ ಒಂದು ವಿನಂತಿ. ನಮ್ಮ ಹಳ್ಳದ ಮೇಲ್ಭಾಗದಲ್ಲಿ ಇನ್ನೂ ಎರಡು ಸರ್ವೆ ನಂಬರುಗಳು ಮಾರಾಟವಾಗಿವೆ, ಅಳತೆಯ ಕಲ್ಲು ನೆಟ್ಟಿದ್ದಾರೆ. ಅವುಗಳ ಕಡತ ಇಂದೋ ನಾಳೆಯೋ ನಿಮ್ಮಲ್ಲಿ ಯಾರದಾದರೂ ಮೇಜಿಗೆ ಬರುತ್ತದೆ. ಸಹಿ ಹಾಕುವ ಮುನ್ನ ಡಿಸೆಂಬರಿನಲ್ಲಿ ಒಂದು ರಾತ್ರಿ ಇಲ್ಲಿಗೆ ಬನ್ನಿ. ನಮ್ಮ ಅಟ್ಟಣೆಯಲ್ಲಿ ನಾಲ್ಕು ಜನ ಕೂರಬಹುದು. ಚಳಿ ಹೆಚ್ಚು, ಕಂಬಳಿ ನಾನು ಕೊಡುತ್ತೇನೆ. ಜೀಪನ್ನು ಊರೊಳಗೇ ನಿಲ್ಲಿಸಿ ಹೊಲದ ಬದುವಿನ ಮೇಲೆ ನಡೆದು ಬನ್ನಿ, ಟಾರ್ಚ್ ಹಚ್ಚಬೇಡಿ.

ಇಂತಿ ತಮ್ಮ ವಿಶ್ವಾಸಿ,
ಕಾಡಂಚಿನ ರಾಗಿ ಬೆಳೆಗಾರ
ಆನೇಕಲ್ ತಾಲ್ಲೂಕು